ಕುವೈತಿನ ಕಾಫಿ ಬಾಟಲಿ

ಇಲ್ಲಿ ಮಸ್ಕತ್ತಿನಲ್ಲಿ ಇವತ್ತು ಮಗಳು ಇನ್‌ಸ್ಟಂಟ್ ಕಾಫಿಯ ಬಾಟಲಿ ತೆರೆದಳು. ಆ ವಾಸನೆಗೆ ನನ್ನ ಹಳೇ ಸಿಟ್ಟೆಲ್ಲ ನೆತ್ತಿಗೇರಿತು.

ಸೋಮವಾರಪೇಟೆಯ ನಮ್ಮ ಮನೆಯ ಕಣದ ತುಂಬ ಕಾಫಿ ಒಣಗುತ್ತಿತ್ತು. ಪಕ್ಕದ ಮನೆಯ ಕೋಳಿಗಳು ಕೆದಕದಂತೆ ಬಿಸಿಲಲ್ಲಿ ಕೂತು ಕಾಯುವವಳು ನಾನು. ಆದರೆ ಕುವೈತಿನಿಂದ ಮಾವ ತಂದ ಇಂಥದೇ ಬಾಟಲಿಯನ್ನು ಅಮ್ಮ ನನ್ನ ಕೈಗೆಟುಕದಂತೆ ಬೀರುವಿನ ಮೇಲಿಟ್ಟಿದ್ದಳು. ನೆಂಟರು ಬಂದರಷ್ಟೇ ಅದು ಕೆಳಗಿಳಿಯುತ್ತಿತ್ತು. ಕೇಳಿದರೆ, "ನಿಂಗೆ ಬೆಲ್ಲದ ಕಾಫಿನೇ ಸಾಕು, ನಡಿ!" ಎಂದು ಗದರುತ್ತಿದ್ದಳು. ಹೆತ್ತ ಮಗಳಿಗಿಂತ ನೆಂಟರು ಹೆಚ್ಚೇ?

ಇವತ್ತು ಬಿಡಲಿಲ್ಲ, ಊರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿಯೇಬಿಟ್ಟೆ.

"ಥೂ, ಅದನ್ನ ಬಾಯಿಗಿಡಕ್ಕಾಗ್ತಿರ್ಲಿಲ್ಲ ಕಣೇ! ಎಸೆದ್ರೆ ನಿನ್ ಮಾವ ಬೇಜಾರು ಮಾಡ್ಕೋತಿದ್ದ. ಅದಕ್ಕೇ ನೆಂಟರಿಗೆ ಕೊಟ್ಟು ಖಾಲಿ ಮಾಡ್ದೆ. ಮನೆ ಮಗಳಿಗೆ ಹೆಂಗ್ ಕೊಡ್ಲಿ ಅದನ್ನ?"