ಅಕ್ಕನ ಬೋರ್ಡು, ನನ್ನ ಇಸ್ತ್ರಿಪೆಟ್ಟಿಗೆ

ಗುಂಡುಸೂಜಿಗಳನ್ನು ನಾನು ಮೊದಲೇ ಕಿತ್ತಿದ್ದೆ ಎಂದು ಅಕ್ಕನಿಗೆ ಹೇಳಬೇಕಿತ್ತು, ಹೇಳಲಿಲ್ಲ. ಅವಳು ಕಣ್ಣು ತೋರಿಸಿಕೊಳ್ಳಲು ಬೀದರಿಗೆ ಹೊರಟಾಗ ಬಸ್ಸು ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟೆ. ತಪ್ಪು ಮಾಡಿದವರು ಬಹಳ ಉಪಕಾರಿಗಳಾಗಿರುತ್ತಾರೆ, ಗಮನಿಸಿ ನೋಡಿ.

ನಾನು ಭಾಲ್ಕಿಯಲ್ಲಿ ಶರ್ಟು ಹೊಲಿಯುವವನು. ಓದು ಏಳನೆಯ ಇಯತ್ತೆಗೇ ನಿಂತಿತು. ಚೌಕಳಿ ಶರ್ಟಿನ ಕಿಸೆಯ ಗೆರೆ ಎದೆಯ ಗೆರೆಗೆ ಕೂಡದಿದ್ದರೆ ನನಗೆ ಊಟ ಸೇರದು. ಅಕ್ಕನ ಗೆರೆಗಳು ಇನ್ನೂ ಸೂಕ್ಷ್ಮ. ಅವಳು ಮನೆಯಲ್ಲೇ ಸರ್ಕೀಟ್ ಬೋರ್ಡು ಮಾಡುತ್ತಾಳೆ: ತಾಮ್ರದ ಗೆರೆಗಳಿರುವ ತೆಳು ಹಲಗೆಗಳನ್ನು ಒಂದರ ಮೇಲೊಂದಿಟ್ಟು, ನಡುವೆ ಅಂಟಿನ ಹಾಳೆ ಹಾಕಿ, ಬಿಸಿಯಲ್ಲಿ ಒತ್ತಿ ಒಂದಾಗಿಸುವುದು. ಮೇಲಿನ ಚುಕ್ಕೆ ಕೆಳಗಿನ ಚುಕ್ಕೆಯ ನೆತ್ತಿಯ ಮೇಲೇ ಕೂರಬೇಕು. ಕೂದಲೆಳೆಯಷ್ಟು ಸರಿದರೂ ಆಮೇಲೆ ಕೊರೆಯುವ ತೂತು ಗುರಿ ತಪ್ಪುತ್ತದೆ. ಅದಕ್ಕೇ ಒತ್ತಿ ಮುಗಿಯುವವರೆಗೂ ಹಲಗೆ ಸರಿಯದಂತೆ ಮೂಲೆಗಳಿಗೆ ಗುಂಡುಸೂಜಿ ಚುಚ್ಚಿ, ಒತ್ತಲು ನನ್ನ ಭಾರದ ಇಸ್ತ್ರಿಪೆಟ್ಟಿಗೆ ತರಿಸಿದ್ದಳು. ಜೊತೆಗೆ ನಾನೂ ಹೋದೆ.

ದರ್ಜಿಯ ಕೈಗೆ ಒಂದೇ ನೇಮ: ಇಸ್ತ್ರಿಗೆ ಮೊದಲು ಸೂಜಿ ತೆಗೆ. ಅಕ್ಕ ಹಾಲು ಇಳಿಸಿ ಬರುವಷ್ಟರಲ್ಲಿ ನನ್ನ ಕೈ, ನನ್ನನ್ನು ಕೇಳದೆಯೇ, ಸೂಜಿಗಳನ್ನೆಲ್ಲ ಕಿತ್ತು ಪೆಟ್ಟಿಗೆ ಒತ್ತಿಬಿಟ್ಟಿತ್ತು. ಸೂಜಿಗಳನ್ನು ಒತ್ತಿದ ಮೇಲೆ ತೆಗೆದೆನೆಂದು ಅವಳು ತಿಳಿದಳು. ನಾನು ತಿದ್ದಲಿಲ್ಲ.

ಬೋರ್ಡು ಔರಾದಿನ ಚಿಕ್ಕಮ್ಮನದು, ಮೊಟ್ಟೆಗೆ ಕಾವು ಕೊಟ್ಟು ಕೋಳಿಮರಿ ಮಾಡಿಸುವ ಪೆಟ್ಟಿಗೆಯ ಶಾಖ ನೋಡಿಕೊಳ್ಳುವಂಥದ್ದು. ಅದು ಮಿಣುಕಲೂ ಇಲ್ಲ. ಚುಕ್ಕೆ ಕೂಡಿಸುವಾಗಲೇ ತಪ್ಪಿತೆಂದು ಅಕ್ಕ ತನ್ನ ಕಣ್ಣನ್ನೇ ಬೈದುಕೊಂಡಳು. ಬೀದರಿನ ಪಕ್ಕದ ಅಷ್ಟೂರಿನಲ್ಲಿ ಸುಲ್ತಾನರ ಗೋರಿಯ ಗುಮ್ಮಟದೊಳಗೆ ಬಣ್ಣದ ಬಳ್ಳಿಗಳು ಸುತ್ತಿ ಬಂದು ಹೊರಟ ಜಾಗಕ್ಕೇ ಸರಿಯಾಗಿ ಕೂಡುತ್ತವಲ್ಲ, ಅದನ್ನು ಬರೆದವನು ಮೊದಲು ತಮ್ಮನನ್ನು ಹೊರಗೆ ಕಳಿಸಿರಬೇಕು.

ಬೀದರಿನಿಂದ ಬಂದವಳೇ ಅಕ್ಕ ಡ್ರಿಲ್ಲನ್ನು ಹಳೆಯ ಚೀಲಕ್ಕೆ ತುಂಬತೊಡಗಿದಳು. “ಕಣ್ಣ ಛಲೋ ಅವ ಅಂತ. ಅಂದ್ರ ನನ್ ಕೈನೇ ಸರಿ ಇಲ್ಲ. ಚಿಕ್ಕಮ್ಮಗ ಆಗಲ್ಲ ಅಂತೀನಿ. ಸಾಕು, ಈ ಕೆಲಸನೇ ಬಿಡ್ತೀನಿ.”

ಕಣ್ಣಾದರೆ ಕನ್ನಡಕದಲ್ಲಿ ಮುಗಿಯುತ್ತಿತ್ತು. ಕೈಯ ಮೇಲಿನ ನಂಬಿಕೆಗೆ ಯಾವ ಅಂಗಡಿಗೆ ಹೋಗುವುದು?

“ಅಕ್ಕಾ, ನಿನ್ ಕೈ ಸರಿ ಅದ,” ಎಂದೆ. “ಸೂಜಿ ಒತ್ತಿದ ಮ್ಯಾಲ ಅಲ್ಲ, ಮೊದಲೇ ಕಿತ್ತೀನಿ ನಾ.”

ಅಕ್ಕ ಚೀಲ ಕೆಳಗಿಟ್ಟು ನನ್ನನ್ನು ನೋಡಿದಳು. ಡಾಕ್ಟರು ಹೇಳಿದ್ದು ನಿಜ, ಕಣ್ಣುಗಳು ಬಹಳ ಚೆನ್ನಾಗಿದ್ದವು.

“ಮ್ಯಾಲ ಕಿಟಕಿ ಸೀಟ್ ಬ್ಯಾರೆ ಹಿಡ್ದಿದ್ದಿ, ಶಾಣ್ಯಾ.”

“ತಪ್ಪಾಯ್ತಕ್ಕಾ, ಮಾಫ್ ಮಾಡು. ಈ ಸಲ ಇಸ್ತ್ರಿಪೆಟ್ಟಿಗಿ ಅಷ್ಟೇ ಕಳಸ್ತೀನಿ.”