ಯಾರೂ ಒಯ್ಯದ ಪೋಲಿಷ್ ಪುಸ್ತಕ

ನಾನು ಕೆಲಸ ಮಾಡುವ ಲಂಡನ್ನಿನ ಲೈಬ್ರರಿಯಲ್ಲಿ, ಎರಡು ವರ್ಷ ಯಾರೂ ಮನೆಗೆ ಒಯ್ಯದ ಪುಸ್ತಕ ರದ್ದಿಗೆ ಹೋಗುತ್ತದೆ. ಈ ಸಲದ ಪಟ್ಟಿಯಲ್ಲಿ ಹಳೆಯ ಕಾಲದ ಪೋಲಿಷ್ ಲೇಖಕಿಯೊಬ್ಬಳ ಪುಸ್ತಕವಿತ್ತು. ಹೆಣ್ಣು ಓದಬೇಕು, ತಾನೇ ದುಡಿದು ತಿನ್ನಬೇಕು ಎಂದು ಬರೆದು ಜೈಲು ಕಂಡವಳಂತೆ. ಹೋಟೆಲಿನಲ್ಲಿ ಕ್ಲೀನಿಂಗ್ ಮಾಡುವ ಡನೂತಾ ದಿನಾ ಮಧ್ಯಾಹ್ನ ಅದನ್ನು ಇಲ್ಲೇ ಕೂತು ಓದುತ್ತಿದ್ದಳು.

"ಮನೆಗೆ ಒಯ್ಯಬಾರದಾ?" ಎಂದೆ.

"ಅವಳ ಇನ್ನೊಂದು ಪುಸ್ತಕ ಒಯ್ದಿದ್ದೆ. ಗಂಡ ಹರಿದುಹಾಕಿದ."

ಈ ಪುಸ್ತಕವನ್ನು ರದ್ದಿಗೆ ಹಾಕಬೇಡಿ ಎಂದು ನಮ್ಮ ಲೈಬ್ರರಿಯ ಮ್ಯಾನೇಜರಿಗೆ ಹೇಳಿದೆ. "ಕಂಪ್ಯೂಟರಿನಲ್ಲಿ ಒಯ್ದವರ ಲೆಕ್ಕ ಸೊನ್ನೆ ಇದೆಯಲ್ಲ," ಎಂದ.

ನನಗೆ ಮೈಯೆಲ್ಲ ಉರಿಯಿತು. "ಓದುವವಳು ಅಲ್ಲೇ ಕೂತಿದ್ದಾಳೆ, ಎದ್ದು ನೋಡಿ," ಎಂದೆ. ಆತ ತಲೆಯನ್ನೂ ಎತ್ತಲಿಲ್ಲ.

ಅಂದೇ ಆ ಪುಸ್ತಕವನ್ನು ನನ್ನ ಕಾರ್ಡಿನಲ್ಲಿ ಪಡೆದು ಡನೂತಾಳ ಮುಂದಿಟ್ಟೆ. ತಿಂಗಳಿಗೊಮ್ಮೆ ರಿನ್ಯೂ ಮಾಡುತ್ತೇನೆ. ಕಂಪ್ಯೂಟರಿನ ಪ್ರಕಾರ ಈಗ ಇಲ್ಲಿ ಈ ಪೋಲಿಷ್ ಪುಸ್ತಕ ಓದುವವಳು ನಾನೊಬ್ಬಳೇ. ನನಗೆ ಆ ಭಾಷೆಯ ಒಂದಕ್ಷರವೂ ಬರುವುದಿಲ್ಲ.