ಓದದೆ ಬರೆದ ಮುನ್ನುಡಿ

ನಿಮ್ಮಲ್ಲೊಂದು ತಪ್ಪೊಪ್ಪಿಗೆ: ನಾನು ಪುಸ್ತಕ ಓದಿ ಮುನ್ನುಡಿ ಬರೆದವನಲ್ಲ. ಮೊದಲ ಪುಟ, ಕೊನೆಯ ಪುಟ, ಅಷ್ಟೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕಲ್ಲ! ನಿವೃತ್ತ ಕನ್ನಡ ಮೇಷ್ಟ್ರು ನಾನು. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಶಿಷ್ಯರು, ಶಿಷ್ಯರಿಗೆಲ್ಲ ಒಂದೊಂದು ಕವನ ಸಂಕಲನ. ಎಲ್ಲವನ್ನೂ ಓದುತ್ತ ಕೂತರೆ ನಾನು ಬದುಕುವುದು ಯಾವಾಗ?

ತೋಡಾರಿನ ಶಿಷ್ಯೆ ಜಯಂತಿ ತನ್ನ ಕಾದಂಬರಿ ತಂದಾಗಲೂ ಹಾಗೆಯೇ ಮಾಡಿದೆ. ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ತೆಗೆಯುವ ಕೆಲಸ ಅವಳದು. ತರಗತಿಯಲ್ಲಿ ಹಾಜರಿ ಹೇಳಲೂ ನಾಚುತ್ತಿದ್ದವಳು ಏನು ಮಹಾ ಬರೆದಾಳು? ಕೊನೆಯ ಪುಟದಲ್ಲಿ ಒಬ್ಬ ಯುವಕ ಬಸ್‌ಸ್ಟ್ಯಾಂಡಿನಲ್ಲಿ ಸುಮ್ಮನೆ ಕೂತಿದ್ದ. ಪಾಪದವನು ಎಂದುಕೊಂಡು, "ಮನೆಮಂದಿಯೆಲ್ಲ ಒಟ್ಟಿಗೆ ಕೂತು ಓದಬಹುದಾದ ಕೃತಿ" ಎಂದು ಬರೆದು ಕೊಟ್ಟೆ.

ಪುಸ್ತಕ ಅಚ್ಚಾಗಿ ಬಂತು. ಹೆಂಡತಿ ಮುನ್ನುಡಿಯನ್ನು ನಂಬಿ, ಚಹಾದ ಹೊತ್ತಿಗೆ ಗಟ್ಟಿಯಾಗಿ ಓದತೊಡಗಿದಳು. ಆ ಪಾಪದವನು ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳುವವನು. ಆರು ದಿನ ಹೊಗೆ, ಬೆವರು, ಮೇಸ್ತ್ರಿಯ ಬೈಗುಳ. ಭಾನುವಾರ ಅಂಗಿಗೆ ಸೆಂಟು ಹೊಡೆದು ಮೂಡುಬಿದಿರೆ ಬಸ್ಸು ಹತ್ತುತ್ತಾನೆ. ಒಂದು ವಾರ ಬಟ್ಟೆಯಂಗಡಿಯ ಹುಡುಗಿ, ಇನ್ನೊಂದು ವಾರ... ಶಿವನೇ, ಮೇಸ್ತ್ರಿಯ ಹೆಂಡತಿ! ಅವರು ಬಾಗಿಲು ಹಾಕಿಕೊಂಡ ಮೇಲೂ ಜಯಂತಿ ಪೆನ್ನು ಕೆಳಗಿಟ್ಟಿರಲಿಲ್ಲ. ನನಗೆ ಚಹಾ ನೆತ್ತಿಗೆ ಹತ್ತಿತು.

"ಅಲ್ಲ ಮಾರಾಯ್ರೆ, ಇದನ್ನು ಯಾವ ಮನೆಯವರು ಒಟ್ಟಿಗೆ ಕೂತು ಓದುವುದು?" ಎಂದಳು ಹೆಂಡತಿ. ಪುಟ ಮಾತ್ರ ಮಗುಚುತ್ತಲೇ ಇದ್ದಳು.

ಇನ್ನು ನಮ್ಮ ಮೆಲ್ಕಾರ್ ಪೇಟೆಯಲ್ಲಿ ಮುಖ ತೋರಿಸುವುದು ಹೇಗೆ? ಕೂಡಲೇ ಜಯಂತಿಗೆ ಫೋನ್ ಮಾಡಿ, ಉಳಿದ ಪ್ರತಿಗಳಿಂದ ನನ್ನ ಮುನ್ನುಡಿ ಹರಿದು ತೆಗೆಯಲು ಹೇಳಿದೆ.

ಅವಳು ಸಣ್ಣ ಸ್ವರದಲ್ಲಿ ಹೇಳಿದಳು: "ಹಾಗೆ ಹೇಳ್ಬೇಡಿ ಸರ್. ಪುಸ್ತಕ ಮಾಡ್ಲಿಕ್ಕೆ ಮನೆಯಲ್ಲಿ ಬಿಡ್ತಿರ್ಲಿಲ್ಲ. ನಿಮ್ಮ ಮುನ್ನುಡಿ ಓದಿ ಹೇಳಿದ ಮೇಲೆಯೇ ಅತ್ತೆ ಒಪ್ಪಿದ್ದು. ಸರ್ ಪೂರ್ತಿ ಓದಿ ಒಳ್ಳೆದುಂಟು ಅಂತ ಬರ್ದಿದ್ದಾರೆ, ಇನ್ನು ಯಾರು ಏನು ಹೇಳಿದ್ರೂ ಹೆದರಿಕೆ ಇಲ್ಲ ಅಂತ ಇದ್ದೆ. ಈಗ ನೀವೇ ಹರಿ ಅಂದ್ರೆ ನಾನು ಎಲ್ಲಿಗೆ ಹೋಗ್ಲಿ?"

ಪೂರ್ತಿ ಓದಿ! ಕಪಾಳಕ್ಕೆ ಬಿದ್ದಂತಾಯಿತು. ಇದರ ಮುಂದೆ ಮೇಸ್ತ್ರಿಯ ಹೆಂಡತಿ ಕೊಟ್ಟ ಆಘಾತ ಏನೂ ಅಲ್ಲ. "ಬೇಡ ಜಯಂತಿ, ಹರಿಯಬೇಡ" ಎಂದು ಫೋನ್ ಇಟ್ಟೆ.

ಮರುದಿನ ಮೊದಲ ಪುಟದಿಂದ ಶುರುಮಾಡಿದೆ. "ನಿನ್ನೆ ಅರ್ಧಕ್ಕೆ ನಿಂತದ್ದಲ್ವಾ, ಗಟ್ಟಿ ಓದಿ, ನಾನೂ ಕೇಳ್ತೇನೆ" ಎಂದು ಹೆಂಡತಿ ಪಕ್ಕದಲ್ಲಿ ಬಂದು ಕೂತಳು. ಮೇಸ್ತ್ರಿಯ ಮನೆಯ ಬಾಗಿಲು ಮುಚ್ಚಿದಾಗ ನನ್ನ ಸ್ವರ ಇಳಿಯಿತು. ಅವಳು ಮೊಣಕೈಯಿಂದ ತಿವಿದಳು. ಎಲ್ಲರನ್ನೂ ಕಳೆದುಕೊಂಡು, ಸೆಂಟು ಹೊಡೆದುಕೊಂಡೇ ಬಸ್‌ಸ್ಟ್ಯಾಂಡಿನಲ್ಲಿ ಕೂತ ಅವನ ಕೊನೆಯ ಭಾನುವಾರ ಬರುವಷ್ಟರಲ್ಲಿ ಇಬ್ಬರೂ ಚಹಾವನ್ನೇ ಮರೆತಿದ್ದೆವು. ಮುನ್ನುಡಿ ಬರೆಯುವಾಗಲೇ ನಾನು ಓದಿದ್ದ ಪುಟ ಅದು.

ಆ ಹೊತ್ತು ಮನೆಯಲ್ಲಿದ್ದದ್ದು ನಾವಿಬ್ಬರೇ. ಇಬ್ಬರೂ ಒಟ್ಟಿಗೆ ಕೂತು ಓದಿದೆವು. ನಾನು ಬರೆದ ಮುನ್ನುಡಿಗಳಲ್ಲಿ ನಿಜವಾದದ್ದು ಅದೊಂದೇ.